ವಯಸ್ಕರೆಲ್ಲ ಮತದಾರರಲ್ಲ: ಜಾರ್ಜಿಯಾದ 159 ಕೌಂಟಿಗಳ ಒಂದು ಪಟ್ಟಿಯ ಪ್ರಕರಣ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 2024ರ ಅಧ್ಯಕ್ಷೀಯ ಚುನಾವಣೆಗೆ ಕೆಲವು ತಿಂಗಳು ಇರುವಾಗ ಒಂದು ಸಣ್ಣ ಸ್ವಯಂಸೇವಕರ ತಂಡ ಒಂದು ಪಟ್ಟಿ ಮಾಡಿಕೊಂಡಿತು. ಯಾವ ಕೌಂಟಿಯಲ್ಲಿ (ರಾಜ್ಯದೊಳಗಿನ ಆಡಳಿತ ವಿಭಾಗ) ಮತದಾನದ ವಯಸ್ಸು ದಾಟಿದ ಬಿಳಿಯರೆಷ್ಟು, ಕಪ್ಪು ಜನರೆಷ್ಟು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಎಷ್ಟು, ಏಷ್ಯನ್ ಎಷ್ಟು ಅನ್ನುವ ಪಟ್ಟಿ. ಅಂಕಿಗಳೆಲ್ಲ ಸರ್ಕಾರದವು. ಕೂಡಿಸಿ ಭಾಗಿಸಿದ್ದರಲ್ಲೂ ತಪ್ಪಿರಲಿಲ್ಲ. ಆದರೂ ಅದನ್ನು ನಂಬಿ ಇಟ್ಟ ಮೊದಲ ಹೆಜ್ಜೆಯೇ ಒಬ್ಬರ ಬದುಕಿಗೆ ಕುತ್ತು ತರುವಷ್ಟು ಎಡವಟ್ಟಾಯಿತು.

ತಂಡದ ಹೆಸರು, ಸದಸ್ಯರ ಹೆಸರು, ಅವರಿರುವ ಊರು ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕೌಂಟಿಗಳ ಹೆಸರು, ಅಂಕಿಗಳು ಮಾತ್ರ ಇದ್ದ ಹಾಗೇ ಇವೆ, ಅವು ಸಾರ್ವಜನಿಕ. ನಾನು ಈ ಕೆಲಸಕ್ಕೆ ನಡುವೆ ಸೇರಿಕೊಂಡವನು, ಲೆಕ್ಕ ಒಮ್ಮೆ ನೋಡಿಕೊಡಿ ಅಂತ ಕರೆದಿದ್ದರು.

ಹಿನ್ನೆಲೆ

ತಂಡದಲ್ಲಿ ಮುಖ್ಯವಾಗಿ ನಾಲ್ಕು ಜನ. ಸಂಚಾಲಕಿ ಮೈಸೂರು ಕಡೆಯವರು, ಅಮೆರಿಕಕ್ಕೆ ಬಂದು ದಶಕಗಳೇ ಆಗಿವೆ, ಅಲ್ಲಿನ ಪ್ರಜೆ. ಅಂಕಿಅಂಶ ನೋಡಿಕೊಳ್ಳುತ್ತಿದ್ದವನು ಹುಬ್ಬಳ್ಳಿಯ ಹುಡುಗ, ಸಾಫ್ಟ್‌ವೇರ್ ಕೆಲಸ, ಎಚ್-1ಬಿ ಅನ್ನುವ ತಾತ್ಕಾಲಿಕ ಉದ್ಯೋಗ ವೀಸಾ. ಮೂರನೆಯವರು ದಕ್ಷಿಣ ಜಾರ್ಜಿಯಾದ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಿವೃತ್ತ ಶಿಕ್ಷಕಿ, ಆಫ್ರಿಕನ್ ಅಮೆರಿಕನ್. ನಾಲ್ಕನೆಯವನು ಒಬ್ಬ ಕಾಲೇಜು ವಿದ್ಯಾರ್ಥಿ. ಇವರು ಯಾವ ಪಕ್ಷದವರೂ ಅಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸದೆ ಉಳಿದವರನ್ನು ಹುಡುಕಿ ಸೇರಿಸುವುದೇ ಉದ್ದೇಶ.

ಜಾರ್ಜಿಯಾ ಕರ್ನಾಟಕಕ್ಕಿಂತ ಚಿಕ್ಕ ರಾಜ್ಯ. ಅಷ್ಟರಲ್ಲೇ 159 ಕೌಂಟಿಗಳಿವೆ, ಕೌಂಟಿ ಲೆಕ್ಕದಲ್ಲಿ ಟೆಕ್ಸಸ್ ಬಿಟ್ಟರೆ ಇದೇ. ನಮ್ಮ ಜಿಲ್ಲೆಗಿಂತ ತಾಲ್ಲೂಕು ಅಂದುಕೊಂಡರೆ ಅಳತೆ ಸರಿಹೋದೀತು. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಗಾತ್ರ. 2020ರ ಜನಗಣತಿಯಲ್ಲಿ ಅಟ್ಲಾಂಟ ಇರುವ ಫುಲ್ಟನ್ ಕೌಂಟಿಯಲ್ಲಿ 10.66 ಲಕ್ಷ ಜನ, ಟ್ಯಾಲಿಯಾಫೆರೋ ಕೌಂಟಿಯಲ್ಲಿ ಬರೀ 1,559. ಇಡೀ ರಾಜ್ಯದಲ್ಲಿ 18 ದಾಟಿದವರು ಸುಮಾರು 82.2 ಲಕ್ಷ. ಅದರಲ್ಲಿ ಕಪ್ಪು ಜನಾಂಗದವರು 26 ಲಕ್ಷ, ಅಂದರೆ ಶೇ. 31.7.

ಕೈಯಲ್ಲಿ ಸ್ವಲ್ಪ ಜನ, ಸ್ವಲ್ಪ ದುಡ್ಡು. ಎಲ್ಲಿಗೆ ಹೋಗಬೇಕು, ಯಾವ ಭಾಷೆಯ ಕರಪತ್ರ ಹಾಕಿಸಬೇಕು? ಸುಮ್ನೆ ಊಹೆ ಮೇಲೆ ಹೋಗೋದು ಬೇಡ, ಪಟ್ಟಿ ನೋಡಿ ಹೋಗೋಣ ಅಂದರು. ಒಳ್ಳೆಯ ನಿರ್ಧಾರವೇ.

ಮೊದಲ ಪಟ್ಟಿ

ಹುಬ್ಬಳ್ಳಿ ಹುಡುಗ ಹಿಡಿದದ್ದು ಜನಗಣತಿ ಇಲಾಖೆಯ ಕ್ಷೇತ್ರ ಮರುವಿಂಗಡಣೆಯ ದತ್ತಾಂಶ. 1975ರ ಒಂದು ಕಾನೂನಿನ ಪ್ರಕಾರ ಪ್ರತಿ ಜನಗಣತಿ ಆದಮೇಲೆ ಇದನ್ನು ರಾಜ್ಯಗಳಿಗೆ ಕೊಡಲೇಬೇಕು. ಕೋವಿಡ್‌ನಿಂದ ತಡವಾಗಿ ಈ ಸಲ 2021ರ ಆಗಸ್ಟ್ 12ರಂದು ಬಂತು. ಅದರಲ್ಲಿ ಪಿ3 ಅನ್ನುವ ಕೋಷ್ಟಕ ಇದೆ. 18 ವರ್ಷ ಮೇಲ್ಪಟ್ಟವರ ಜನಾಂಗವಾರು ಎಣಿಕೆ ಅದು, ಕೌಂಟಿಗೂ ಸಿಗುತ್ತದೆ, ಒಂದು ಬೀದಿಯ ಬ್ಲಾಕಿಗೂ ಸಿಗುತ್ತದೆ. ಪಕ್ಕದ ಪಿ4ರಲ್ಲಿ ಹಿಸ್ಪಾನಿಕ್ ಹೌದೋ ಅಲ್ಲವೋ ಅಂತ ಬೇರೆ ಮಾಡಿರುತ್ತಾರೆ. ಅಮೆರಿಕದ ಗಣತಿಯಲ್ಲಿ ಹಿಸ್ಪಾನಿಕ್ ಅನ್ನುವುದು ಜನಾಂಗ ಅಲ್ಲ, ಅದು ಪ್ರತ್ಯೇಕ ಪ್ರಶ್ನೆ. ಹಿಸ್ಪಾನಿಕ್ ಆದವರು ಬಿಳಿಯರೂ ಆಗಿರಬಹುದು, ಕಪ್ಪು ಜನಾಂಗದವರೂ ಆಗಿರಬಹುದು.

ಪಿ3 ತೆರೆದವರಿಗೆ ಮೊದಲು ಕಾಣುವುದು ಅದರ ಉದ್ದ. 2000ರಿಂದ ಈಚೆಗೆ ಒಬ್ಬರು ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕಬಹುದು. ಆರು ಬಾಬತ್ತುಗಳನ್ನು ಒಂಟಿಯಾಗಿ, ಜೋಡಿಯಾಗಿ, ಮೂರು ಮೂರಾಗಿ ಹೀಗೆ ಸೇರಿಸುತ್ತಾ ಹೋದರೆ ಒಟ್ಟು 63 ಬಗೆ ಆಗುತ್ತದೆ. ‘ಕಪ್ಪು ಜನಾಂಗದವರು ಎಷ್ಟು’ ಅಂತ ಕೇಳಿದರೆ ಎರಡು ಉತ್ತರ ಇವೆ. ಕಪ್ಪು ಅಂತ ಮಾತ್ರ ಬರೆಸಿದವರು ಇಷ್ಟು. ಕಪ್ಪು ಅಂತಲೂ ಬರೆಸಿ ಜೊತೆಗೆ ಇನ್ನೇನನ್ನೋ ಬರೆಸಿದವರನ್ನೂ ಸೇರಿಸಿದರೆ ಇಷ್ಟು. ಮೇಲೆ ಹೇಳಿದ ಶೇ. 31.7 ಎರಡನೆಯದು. ನ್ಯಾಯಾಲಯಗಳಲ್ಲಿ ಈ ಎರಡನೆಯ ಲೆಕ್ಕ ನಡೆಯುವುದಕ್ಕೆ ಕಾರಣವೂ ಇದೇ ರಾಜ್ಯ. 2003ರಲ್ಲಿ ಸುಪ್ರೀಂ ಕೋರ್ಟ್ ಜಾರ್ಜಿಯಾದ ಮೊಕದ್ದಮೆಯೊಂದರ ತೀರ್ಪಿನ ಅಡಿಟಿಪ್ಪಣಿಯಲ್ಲಿ ಅದನ್ನು ಒಪ್ಪಿಕೊಂಡಿತು.

ನಮ್ಮ ಹುಡುಗ ಪ್ರತಿ ಗುಂಪಿಗೂ ಈ ಎರಡನೆಯ ಲೆಕ್ಕವನ್ನೇ ಹಿಡಿದ, ಮೇಲೆ ಹಿಸ್ಪಾನಿಕ್ ಕಾಲಂ ಸೇರಿಸಿದ. ಸಾಲು ಕೂಡಿಸಿದರೆ ಎಲ್ಲ ಕೌಂಟಿಯಲ್ಲೂ ನೂರು ದಾಟಿತು. ದಾಟಲೇಬೇಕು. ಕಪ್ಪು ಮತ್ತು ಏಷ್ಯನ್ ಎರಡಕ್ಕೂ ಗುರುತು ಹಾಕಿದವರು ಎರಡೂ ಕಾಲಂನಲ್ಲಿ ಕೂತಿದ್ದಾರೆ. ತಂಡದವರು ಅದಕ್ಕೆ ತಲೆ ಕೆಡಿಸಿಕೊಂಡು ಎರಡು ಸಂಜೆ ವಾದ ಮಾಡಿ, ಕೊನೆಗೆ ಎಲ್ಲವನ್ನೂ ಕುಗ್ಗಿಸಿ ನೂರಕ್ಕೆ ಕೂರಿಸಿಬಿಟ್ಟರು. ನೋಡೋಕೆ ಚೆನ್ನಾಯಿತು. ನಿಜವಾದ ತೊಡಕು ಇರುವುದು ಬೇರೆ ಕಡೆ ಅಂತ ಯಾರಿಗೂ ಅನಿಸಲಿಲ್ಲ.

ಪಟ್ಟಿಯಿಂದ ನಕ್ಷೆ ಮಾಡಿದರು. ಏಷ್ಯನ್ ಕಾಲಂ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಅಟ್ಲಾಂಟದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿ ಮೇಲಕ್ಕೆ ಬಂತು. ಈ ಕೌಂಟಿಯ ಚರಿತ್ರೆ ಸಣ್ಣದಲ್ಲ. 1912ರಲ್ಲಿ ಇಲ್ಲಿದ್ದ ಸುಮಾರು 1,100 ಕಪ್ಪು ಜನರನ್ನು ಹೆದರಿಸಿ ಓಡಿಸಿದ್ದರು. ಆಮೇಲೆ ದಶಕಗಟ್ಟಲೆ ಇದು ಬಿಳಿಯರ ಕೌಂಟಿಯಾಗಿಯೇ ಇತ್ತು, 1987ರಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. 2000ರಲ್ಲಿ 98 ಸಾವಿರ ಇದ್ದ ಜನಸಂಖ್ಯೆ 2020ಕ್ಕೆ 2.51 ಲಕ್ಷ. ಅದರಲ್ಲಿ ಏಷ್ಯನ್ನರು ನೂರಕ್ಕೆ ಸುಮಾರು 18, ಬಹುಪಾಲು ಭಾರತದಿಂದ ಬಂದ ಸಂಸಾರಗಳು. ತೆಲುಗಿನವರು, ತಮಿಳರು, ನಮ್ಮ ಕನ್ನಡದವರು ಎಲ್ಲ ಇದ್ದಾರೆ. ವಾರಾಂತ್ಯದಲ್ಲಿ ಅಲ್ಲಿನ ಇಂಡಿಯನ್ ಅಂಗಡಿಗೆ ಹೋದರೆ ಹಾಲಿನ ಸಾಲಿನಲ್ಲಿ ದಾವಣಗೆರೆ ಕನ್ನಡ ಕಿವಿಗೆ ಬೀಳುತ್ತದೆ.

ಇಷ್ಟು ವಯಸ್ಕರಿದ್ದಾರೆ, ಮತದಾರರ ಪಟ್ಟಿಯಲ್ಲಿ ಏಷ್ಯನ್ ಅಂತ ಇರುವವರು ತೀರಾ ಕಮ್ಮಿ. ಅಂತರ ದೊಡ್ಡದು. ಅಂದರೆ ಕೆಲಸ ಇರೋದೇ ಇಲ್ಲಿ. ಹಾಗಂದುಕೊಂಡು ಕನ್ನಡ, ತೆಲುಗು, ಹಿಂದಿಯಲ್ಲಿ ಕರಪತ್ರ ಹಾಕಿಸಿದರು. ಹಬ್ಬದ ಕಾರ್ಯಕ್ರಮ ನಡೆಯುವ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿದರು.

ಮೇಜಿನ ಮುಂದೆ ನಡೆದದ್ದು

ಮೇಜಿನ ಮೇಲೆ ಜಾರ್ಜಿಯಾದ ಮತದಾರ ನೋಂದಣಿ ಅರ್ಜಿಗಳು, ನಾಲ್ಕು ಪೆನ್ನು, ಒಂದು ತಟ್ಟೆ ಕೋಡುಬಳೆ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಒಬ್ಬರು ಬಂದು ಅರ್ಜಿ ತುಂಬಲು ಶುರು ಮಾಡಿದರು. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಆಯಿತು. ಪೌರತ್ವದ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ‘ನನ್ನ ಗ್ರೀನ್ ಕಾರ್ಡ್ ಇನ್ನೂ ಪ್ರೋಸೆಸ್‌ನಲ್ಲಿದೆ. ಇಲ್ಲಿ ಏನು ಹಾಕ್ಲಿ?’ ಅಂತ ಕೇಳಿದರು.

ಮೇಜಿನಲ್ಲಿದ್ದ ವಿದ್ಯಾರ್ಥಿಗೆ ಅದರ ಭಾರ ಗೊತ್ತಿರಲಿಲ್ಲ. ‘ತುಂಬಿ ಕೊಡಿ, ಆಫೀಸಿನವರು ನೋಡ್ಕೋತಾರೆ’ ಅಂದ. ಪಕ್ಕದಲ್ಲಿ ಯಾರದೋ ಜೊತೆ ಮಾತಾಡುತ್ತಿದ್ದ ಸಂಚಾಲಕಿ ಇದನ್ನು ಕೇಳಿಸಿಕೊಂಡು ಬಂದು, ಅರ್ಜಿ ಈಸಿಕೊಂಡು, ಅವರ ಎದುರಿಗೇ ಹರಿದು ಹಾಕಿದರು. ‘ತಪ್ಪು ತಿಳ್ಕೋಬೇಡಿ, ಇದು ನಿಮ್ಮ ಒಳ್ಳೇದಕ್ಕೆ’ ಅಂದರು.

ಅದು ನಿಜವಾಗಿಯೂ ಅವರ ಒಳ್ಳೆಯದಕ್ಕೇ. ಪ್ರಜೆ ಅಲ್ಲದವರು ಪ್ರಜೆ ಅಂತ ಹೇಳಿಕೊಂಡು ಮತದಾರರ ಪಟ್ಟಿಗೆ ಸೇರಿದರೆ ಅಮೆರಿಕದ ವಲಸೆ ಕಾನೂನಿನಲ್ಲಿ ಅದು ಗಡೀಪಾರಿಗೆ ಕಾರಣ ಆಗಬಹುದು. ವರ್ಷಗಟ್ಟಲೆ ಕಾದು ಪೌರತ್ವಕ್ಕೆ ಅರ್ಜಿ ಹಾಕುವಾಗ, ಯಾವತ್ತಾದರೂ ಮತದಾರರಾಗಿ ಹೆಸರು ನೋಂದಾಯಿಸಿದ್ದೀರಾ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಭಾರತದಲ್ಲಿ ಹುಟ್ಟಿದವರಿಗಂತೂ ಉದ್ಯೋಗದ ಗ್ರೀನ್ ಕಾರ್ಡಿನ ಸಾಲು ದೇಶವಾರು ಮಿತಿಯಿಂದಾಗಿ ಕೊನೆಯೇ ಕಾಣದಷ್ಟು ಉದ್ದ. ಗ್ರೀನ್ ಕಾರ್ಡ್ ಸಿಕ್ಕಮೇಲೂ ಸಾಮಾನ್ಯವಾಗಿ ಐದು ವರ್ಷ ಆಗಬೇಕು, ಆಮೇಲೆ ಪೌರತ್ವದ ಮಾತು.

ಆವತ್ತೇ ಮೇಜು ಎತ್ತಿಬಿಟ್ಟರು.

ಮಾರನೇ ದಿನದ ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು. ‘ಪ್ರಜೆಗಳಿಗೆ ಮಾತ್ರ’ ಅಂತ ಒಂದು ದೊಡ್ಡ ಬೋರ್ಡ್ ಹಾಕಿ ಮುಂದುವರಿಯೋಣ, ಅಷ್ಟಕ್ಕೆಲ್ಲ ನಿಲ್ಲಿಸೋದು ಯಾಕೆ ಅಂತ ಒಂದು. ಬೋರ್ಡಿನ ಪ್ರಶ್ನೆ ಅಲ್ಲ, ನಮ್ಮನ್ನು ಅಲ್ಲಿಗೆ ಕಳಿಸಿದ ಪಟ್ಟಿಯೇ ಸರಿಯಿಲ್ಲ ಅಂತ ಇನ್ನೊಂದು. ವಾದ ತಿರುಗಿದ್ದು ಹುಬ್ಬಳ್ಳಿ ಹುಡುಗನ ಮಾತಿನಿಂದ. ‘ಅಕ್ಕಾ, 2020ರಲ್ಲಿ ನಾನೂ ಇಲ್ಲೇ ಇದ್ದೆ, ಗಣತಿಯಲ್ಲಿ ನನ್ನನ್ನೂ ಎಣಿಸ್ಯಾರ. ಅಂದ್ರ ಈ ಏಷ್ಯನ್ ಕಾಲಂನಾಗ ನಾನೂ ಅದೇನಿ. ನನಗ ಓಟೇ ಇಲ್ಲಲ್ಲ!’

‘ಅಲ್ವಪ್ಪಾ, ಇದನ್ನ ಮೊದಲೇ ಹೇಳೋದಲ್ವಾ?’ ಅಂದರು ಸಂಚಾಲಕಿ. ಎಲ್ಲರೂ ನಕ್ಕರು, ಆದರೆ ನಿರ್ಧಾರ ಅಲ್ಲೇ ಆಯಿತು. ಪಟ್ಟಿ ಸರಿಯಾಗುವ ತನಕ ಎಲ್ಲೂ ಮೇಜು ಹಾಕುವುದಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಅತಿ ಮುಖ್ಯ ತೀರ್ಮಾನ ಇದು. ಚುನಾವಣೆ ಹತ್ತಿರ ಇರುವಾಗ ಕೆಲಸ ನಿಲ್ಲಿಸುವುದು ಸುಲಭ ಅಲ್ಲ. ಬೋರ್ಡ್ ಹಾಕಿ ಮುಂದುವರಿದಿದ್ದರೆ ಜನ ಸಾಲದ ತಂಡ ಓಟಿಲ್ಲದವರ ಮನೆ ಬಾಗಿಲಲ್ಲೇ ಕೂತಿರುತ್ತಿತ್ತು.

ಯಾರಿಗಾಗಿ ಮಾಡಿದ ಪಟ್ಟಿ?

ನಾನು ಸೇರಿಕೊಂಡದ್ದು ಈ ಹಂತದಲ್ಲಿ. ಮೊದಲು ಕೇಳಿದ್ದು, ಪಿ3 ಕೋಷ್ಟಕವನ್ನು ಯಾರಿಗೋಸ್ಕರ ಮಾಡಿದ್ದಾರೆ ಅಂತ. ಅದು ಕ್ಷೇತ್ರದ ಗಡಿ ಎಳೆಯುವವರಿಗೆ. 1965ರ ಮತದಾನ ಹಕ್ಕು ಕಾಯ್ದೆಯ ಕೆಳಗೆ, ಅಲ್ಪಸಂಖ್ಯಾತ ಜನಾಂಗವೊಂದು ತನಗೊಂದು ಕ್ಷೇತ್ರ ಬೇಕು ಅಂತ ನ್ಯಾಯಾಲಯದಲ್ಲಿ ಕೇಳುವಾಗ ಆ ಕ್ಷೇತ್ರದ ಮತದಾನ ವಯಸ್ಸಿನವರಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವಷ್ಟಿದ್ದೇವೆ ಅಂತ ತೋರಿಸಬೇಕು. 2009ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅರ್ಧ ಅನ್ನುವ ಗೆರೆ ಗಟ್ಟಿಯಾಯಿತು. 2023ರ ಅಕ್ಟೋಬರ್‌ನಲ್ಲಿ ಅಟ್ಲಾಂಟದ ಫೆಡರಲ್ ನ್ಯಾಯಾಲಯ ಜಾರ್ಜಿಯಾದ ಕ್ಷೇತ್ರ ನಕ್ಷೆಗಳು ಆ ಕಾಯ್ದೆಯನ್ನು ಮೀರಿವೆ ಅಂತ ಹೇಳಿದಾಗಲೂ ಇಡೀ ವಾದ ನಡೆದದ್ದು ಇಂಥ ಅಂಕಿಗಳ ಮೇಲೆ.

ಕಪ್ಪು ಜನ ಮತ್ತು ಬಿಳಿಯರ ಲೆಕ್ಕಕ್ಕೆ ಜಾರ್ಜಿಯಾದಲ್ಲಿ ಈ ಕೋಷ್ಟಕ ಹೆಚ್ಚು ಕಡಿಮೆ ಸರಿಹೋಗುತ್ತದೆ, ಯಾಕೆಂದರೆ ಅವರಲ್ಲಿ ಬಹುಪಾಲು ಜನ ಪ್ರಜೆಗಳೇ. ವಲಸೆ ಬಂದವರೇ ಜಾಸ್ತಿ ಇರುವ ಏಷ್ಯನ್, ಹಿಸ್ಪಾನಿಕ್ ಕಾಲಂಗಳಲ್ಲಿ ಅದೇ ಅಳತೆ ಬೇರೆಯೇ ಅರ್ಥ ಕೊಡುತ್ತದೆ. ಒಂದೇ ಪಟ್ಟಿಯ ಎರಡು ಕಾಲಂಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದು ಮೊದಲ ಪಟ್ಟಿಯ ಅಸಲು ದೋಷ. ನೂರು ದಾಟಿದ ಮೊತ್ತ ಅದರ ಮುಂದೆ ಏನೂ ಅಲ್ಲ.

ಪೌರತ್ವದ ಅಂಕಿ ಗಣತಿಯಲ್ಲಿ ಸಿಗುವುದಿಲ್ಲ. 2020ರ ಗಣತಿಯಲ್ಲಿ ಆ ಪ್ರಶ್ನೆ ಸೇರಿಸುವ ಯತ್ನವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಹಾಗಾಗಿ ಇನ್ನೊಂದು ಮೂಲಕ್ಕೆ ಹೋಗಬೇಕು: ಅಮೆರಿಕನ್ ಕಮ್ಯುನಿಟಿ ಸರ್ವೆಯಿಂದ ಪ್ರತಿ ವರ್ಷ ತೆಗೆಯುವ, ಮತದಾನ ವಯಸ್ಸಿನ ಪ್ರಜೆಗಳ ವಿಶೇಷ ಕೋಷ್ಟಕ. ಬಳಸುವವರು ಸಿವಿಎಪಿ ಅನ್ನುತ್ತಾರೆ. 2024ರಲ್ಲಿ ಕೈಗೆ ಸಿಕ್ಕಿದ್ದು 2018ರಿಂದ 2022ರ ತನಕದ ಐದು ವರ್ಷಗಳ ಅಂಕಿ.

ಎರಡನೇ ಪಟ್ಟಿ, ಹೊಸ ತಲೆನೋವು

ಸಿವಿಎಪಿ ಎಣಿಕೆ ಅಲ್ಲ, ಮಾದರಿ ಸಮೀಕ್ಷೆಯ ಅಂದಾಜು. ಪ್ರತಿ ಅಂಕಿಯ ಪಕ್ಕದಲ್ಲೂ ಇಷ್ಟು ಹೆಚ್ಚು ಕಡಿಮೆ ಇರಬಹುದು ಅನ್ನುವ ಇನ್ನೊಂದು ಅಂಕಿ ಇರುತ್ತದೆ. ವಿದ್ಯಾರ್ಥಿ ಮೊದಲು ಆ ಕಾಲಂ ಅಳಿಸಿಬಿಟ್ಟಿದ್ದ, ಜಾಗ ತಿನ್ನುತ್ತೆ ಅಂತ. ಸಣ್ಣ ಕೌಂಟಿಗಳಲ್ಲಿ ಏಷ್ಯನ್ ಪ್ರಜೆಗಳ ಸಾಲಿನಲ್ಲಿ 4 ಅನ್ನುವ ಅಂಕಿ ಮತ್ತೆ ಮತ್ತೆ ಬರುತ್ತಿತ್ತು. ನಾಲ್ಕೇ ಜನ ಅಂತ ಅದರ ಮೇಲೆ ಶೇಕಡಾ ತೆಗೆದಿದ್ದರು. ಈ ಕೋಷ್ಟಕದಲ್ಲಿ 1ರಿಂದ 7ರ ತನಕ ಎಷ್ಟಿದ್ದರೂ 4 ಅಂತಲೇ ಬರೆಯುತ್ತಾರೆ, ಅದಕ್ಕಿಂತ ಮೇಲಿನದನ್ನು ಐದರ ಹತ್ತಿರಕ್ಕೆ ಸರಿಸುತ್ತಾರೆ. ಗುರುತು ಬಯಲಾಗದಿರಲಿ ಅಂತ ಮಾಡಿದ ಏರ್ಪಾಡು ಅದು. ಅಂದಾಜು 15, ಏರುಪೇರು 20 ಅಂತಿದ್ದರೆ ಅಲ್ಲಿ ಶೇಕಡಾ ತೆಗೆಯುವುದರಲ್ಲಿ ಅರ್ಥವೇ ಇಲ್ಲ.

ಫೋರ್ಸೈತ್‌ನಂತೆ ಬೆಳೆಯುತ್ತಿರುವ ಕಡೆ ಇನ್ನೊಂದು ತೊಂದರೆ. ಐದು ವರ್ಷದ ಸರಾಸರಿ ಅಂದರೆ ನಡುವಿನ ವರ್ಷ 2020. ಆಮೇಲೆ ಪ್ರಮಾಣವಚನ ಮಾಡಿ ಪ್ರಜೆಗಳಾದವರು ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಇದಕ್ಕೆ ಮದ್ದಿಲ್ಲ, ಅಂಕಿ ಸ್ವಲ್ಪ ಹಳೆಯದು ಅಂತ ನೆನಪಿಟ್ಟುಕೊಂಡು ಓದಬೇಕು ಅಷ್ಟೆ.

ಮುಂದಿನದು ರಾಜ್ಯದ ಮತದಾರರ ಪಟ್ಟಿಯ ಜೊತೆ ಇದನ್ನು ಕೂಡಿಸುವುದು. ನೋಂದಣಿಯ ಅರ್ಜಿಯಲ್ಲೇ ಜನಾಂಗ ಕೇಳುವ ಕೆಲವೇ ರಾಜ್ಯಗಳಲ್ಲಿ ಜಾರ್ಜಿಯಾ ಒಂದು. ಭಾರತದ ಮತದಾರರ ಪಟ್ಟಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸುತ್ತದೆ, ನಮ್ಮಲ್ಲಿ ಜಾತಿ, ಧರ್ಮದ ಕಾಲಂ ಇಲ್ಲವಲ್ಲ.

ಇಲ್ಲೊಂದು ತಮಾಷೆ ನಡೆಯಿತು. ಕೌಂಟಿಗಳ ಹೆಸರಿನ ಮೇಲೆ ಕೂಡಿಸಿದರೆ ಒಂದು ಕಡೆ ಡಿಕಾಲ್ಬ್ (DeKalb) ಹೆಸರಿನ ನಡುವೆ ದೊಡ್ಡಕ್ಷರ, ಇನ್ನೊಂದು ಕಡೆ ಎಲ್ಲವೂ ದೊಡ್ಡಕ್ಷರ, ಹೊಂದುತ್ತಿರಲಿಲ್ಲ. ಸರಿ, ಸಂಖ್ಯೆ ಮೇಲೆ ಕೂಡಿಸೋಣ ಅಂದ ಹುಡುಗ. ಎರಡೂ ಕಡತದಲ್ಲಿ ಮೂರಂಕಿಯ ಕೌಂಟಿ ಸಂಖ್ಯೆ ಇತ್ತು. ಮೊದಲ ಸಾಲು ಪರೀಕ್ಷೆ ಮಾಡಿದ. ಆಪ್ಲಿಂಗ್ ಕೌಂಟಿ, ಅಲ್ಲೂ 001, ಇಲ್ಲೂ 001. ಸರಿಯಿದೆ ಅಂತ ಓಡಿಸಿಬಿಟ್ಟ. ಬಂದ ಫಲಿತಾಂಶದಲ್ಲಿ ಫೋರ್ಸೈತ್‌ನ ಪ್ರಜೆಗಳ ಎದುರು ಪಟ್ನಮ್ ಕೌಂಟಿಯ ಮತದಾರರು ಕೂತಿದ್ದರು!

ಕಾರಣ ಇಷ್ಟು. ಜನಗಣತಿಯವರ ಸಂಖ್ಯೆಗಳು ಬೆಸಸಂಖ್ಯೆಗಳು: 001, 003, 005 ಹೀಗೆ 321ರ ತನಕ. ರಾಜ್ಯದ ಸಂಖ್ಯೆ 1ರಿಂದ 159. ಫೋರ್ಸೈತ್ ಗಣತಿಯಲ್ಲಿ 117, ರಾಜ್ಯದ ಲೆಕ್ಕದಲ್ಲಿ 58. ರಾಜ್ಯದ ಲೆಕ್ಕದ 117 ಅಂದರೆ ಪಟ್ನಮ್. ಎರಡೂ ಪಟ್ಟಿಯಲ್ಲಿ ಸರಿಯಾಗಿ ಒಂದೇ ಸಂಖ್ಯೆ ಇರುವುದು ಆಪ್ಲಿಂಗ್‌ಗೆ ಮಾತ್ರ, ಅವನು ಪರೀಕ್ಷೆಗೆ ಹಿಡಿದದ್ದೂ ಅದನ್ನೇ. ಬೆಸಸಂಖ್ಯೆಗಳ ಸೂತ್ರ ಹಾಕಿ ಒಂದರಿಂದ ಇನ್ನೊಂದನ್ನು ತೆಗೆಯೋಣ ಅಂದರೂ ಆಗಲ್ಲ. ಗಣತಿ ಪಟ್ಟಿಯಲ್ಲಿ 041 ಮತ್ತು 203 ಖಾಲಿ. 1932ರಲ್ಲಿ ಫುಲ್ಟನ್ ಜೊತೆ ವಿಲೀನವಾದ ಕ್ಯಾಂಬೆಲ್ ಮತ್ತು ಮಿಲ್ಟನ್ ಕೌಂಟಿಗಳ ಜಾಗ ಅವು. ಕೊನೆಗೆ 159 ಸಾಲಿನ ಹೊಂದಾಣಿಕೆ ಕೋಷ್ಟಕವನ್ನು ಕೈಯಲ್ಲೇ ಬರೆದರು. ಪರೀಕ್ಷೆಗೆ ಮೊದಲ ಸಾಲು ಬೇಡ, ನಡುವಿನಿಂದ ಮತ್ತು ಕೊನೆಯಿಂದ ಒಂದೊಂದು ಹಿಡಿಯಬೇಕು ಅಂತ ಅವತ್ತಿನಿಂದ ತಂಡದ ನಿಯಮ.

ಕೂಡಿಸಿದ ಮೇಲೆ ಕೆಲವು ಕಡೆ ನೋಂದಾಯಿತ ಮತದಾರರು ಪ್ರಜೆಗಳಿಗಿಂತಲೂ ಜಾಸ್ತಿ ಬಂದರು. ವಂಚನೆ ಅಂತ ಕೂಗಾಡುವವರು ಇಂಥದ್ದನ್ನೇ ಹಿಡಿದುಕೊಂಡು ಕೂಗಾಡುವುದು. ಊರು ಬಿಟ್ಟವರ ಹೆಸರು ನಿಷ್ಕ್ರಿಯ ಅನ್ನುವ ಗುರುತಿನೊಂದಿಗೆ ಕೆಲಕಾಲ ಪಟ್ಟಿಯಲ್ಲೇ ಇರುತ್ತದೆ, ಇನ್ನೊಂದು ಕಡೆ ಇರುವುದು ಹಳೆಯ ಅಂದಾಜು. ಅಷ್ಟೇ ವಿಷಯ. ಏಷ್ಯನ್ ಕಾಲಂ ಮಾತ್ರ ಕೊನೆತನಕ ಕಮ್ಮಿಯೇ ಬಂತು. ಸಂಚಾಲಕಿ ಪರಿಚಯದವರನ್ನು ವಿಚಾರಿಸಿದಾಗ ಗೊತ್ತಾಯಿತು, ಕೆಲವರು ಜನಾಂಗದ ಜಾಗ ಖಾಲಿ ಬಿಟ್ಟಿದ್ದಾರೆ, ಕೆಲವರು ‘ಇತರೆ’ ಅಂತ ಹಾಕಿದ್ದಾರೆ. ಒಬ್ಬರಂತೂ ‘ಅಮೆರಿಕನ್ ಇಂಡಿಯನ್’ ಅಂತ ಕಂಡದ್ದೇ ನಾವೇ ಅಂದುಕೊಂಡು ಟಿಕ್ ಮಾಡಿದ್ದರು. ಅದು ಅಲ್ಲಿನ ಮೂಲನಿವಾಸಿಗಳ ಬಾಬತ್ತು ಅಂತ ಅವರಿಗೆ ಹೇಳಿದವರೇ ಇಲ್ಲ.

‘ಇದು ನಮ್ಮೂರಲ್ಲ, ಜೈಲು’

ಎರಡನೇ ಪಟ್ಟಿ ಹಿಡಿದು ದಕ್ಷಿಣದ ಕಡೆ ನೋಡಿದಾಗ ನಿವೃತ್ತ ಶಿಕ್ಷಕಿ ವೀಲರ್ ಕೌಂಟಿಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಒಟ್ಟು ಜನಸಂಖ್ಯೆ ಸುಮಾರು 7,500. ಕಪ್ಪು ಜನಾಂಗದ ವಯಸ್ಕರ ಪಾಲು ದೊಡ್ಡದು, ನೋಂದಣಿ ಕಮ್ಮಿ. ಪಟ್ಟಿಯ ಪ್ರಕಾರ ಓಡಿ ಹೋಗಬೇಕಾದ ಜಾಗ. ಅವರು ಹೇಳಿದ್ದು ಒಂದೇ ಮಾತು: ‘ಇದು ಊರಿನ ಜನ ಅಲ್ಲ, ಜೈಲು.’

ಗಣತಿಯಲ್ಲಿ ಕೈದಿಯನ್ನು ಎಣಿಸುವುದು ಅವನ ಮನೆಯಲ್ಲಲ್ಲ, ಜೈಲಿರುವ ಜಾಗದಲ್ಲಿ. ವೀಲರ್‌ನಲ್ಲಿ ದೊಡ್ಡ ಸೆರೆಮನೆಯಿದೆ. ಕೌಂಟಿಯ ಜನಸಂಖ್ಯೆಯ ಮೂರರಲ್ಲೊಂದು ಪಾಲಿನಷ್ಟು ಜನ ಅದರ ಒಳಗೇ ಇರುವವರು. ಜಾರ್ಜಿಯಾದಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವರಿಗೆ ಮತದ ಹಕ್ಕಿಲ್ಲ. ಆದರೆ ಅವರು ವಯಸ್ಕರೂ ಹೌದು, ಪ್ರಜೆಗಳೂ ಹೌದು. ಅಂದರೆ ಪೌರತ್ವದ ಜರಡಿ ಹಿಡಿದರೂ ಅವರು ಪಟ್ಟಿಯಲ್ಲೇ ಉಳಿಯುತ್ತಾರೆ. ಅಟ್ಲಾಂಟದ ಯಾವುದೋ ಬೀದಿಯ ಹುಡುಗ ದಕ್ಷಿಣದ ಹಳ್ಳಿ ಕೌಂಟಿಯ ಲೆಕ್ಕಕ್ಕೆ ಸೇರಿ, ಅಲ್ಲಿನ ಬಣ್ಣವನ್ನೇ ಬದಲಿಸಿರುತ್ತಾನೆ.

ಸ್ಟೂವರ್ಟ್ ಕೌಂಟಿ ಇನ್ನೂ ವಿಚಿತ್ರ. ಸುಮಾರು 5,300 ಜನರ ಕೌಂಟಿ, ಅಲಬಾಮಾ ಗಡಿಯಲ್ಲಿದೆ. ಹಿಸ್ಪಾನಿಕ್ ವಯಸ್ಕರ ಪಾಲು ಸುತ್ತಲಿನ ಕೌಂಟಿಗಳಿಗಿಂತ ಎಷ್ಟೋ ಜಾಸ್ತಿ. ಮೊದಲ ಪಟ್ಟಿ ನೋಡಿ ತಂಡ ಅಲ್ಲಿಗೆ ಸ್ಪ್ಯಾನಿಷ್ ಕರಪತ್ರ ಕಳಿಸುವ ಯೋಚನೆಯಲ್ಲಿತ್ತು. ಅಲ್ಲಿರುವುದು ವಲಸೆ ಇಲಾಖೆಯ ಬಂಧನ ಕೇಂದ್ರ. ಗಡೀಪಾರಿನ ವಿಚಾರಣೆಗೆ ಕಾಯುತ್ತಿರುವವರೇ ಆ ಅಂಕಿಯ ಬಹುಪಾಲು. ಚಾಟಹೂಚಿ ಕೌಂಟಿಯಲ್ಲಿ ಸೇನಾ ನೆಲೆ, ಸೈನಿಕರು ತಮ್ಮ ತಮ್ಮ ಊರಿನ ಮತದಾರರಾಗಿ ಉಳಿದಿರಬಹುದು. ಕ್ಲಾರ್ಕ್ ಕೌಂಟಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ಇದಕ್ಕೆ ಔಷಧ ಗಣತಿಯ ಕಡತದಲ್ಲೇ ಇತ್ತು. 2020ರಿಂದ ಮರುವಿಂಗಡಣೆ ದತ್ತಾಂಶದಲ್ಲಿ ಪಿ5 ಅನ್ನುವ ಕೋಷ್ಟಕವೂ ಬಂದಿದೆ. ಸೆರೆಮನೆ, ಹಾಸ್ಟೆಲು, ಸೇನಾ ವಸತಿಗಳಲ್ಲಿ ಇರುವವರ ಸಂಖ್ಯೆಯನ್ನು ಅದು ಬೇರೆಯಾಗಿ ಕೊಡುತ್ತದೆ. ಜನಾಂಗವಾರು ಇಲ್ಲ, ಹಾಗಾಗಿ ಕಳೆಯಲು ಬರುವುದಿಲ್ಲ. ಆದರೆ ಯಾವ ಕೌಂಟಿಯ ಸಾಲನ್ನು ಅನುಮಾನದಿಂದ ನೋಡಬೇಕು ಅಂತ ಗೊತ್ತಾಗುತ್ತದೆ. ಸಂಸ್ಥೆಗಳಲ್ಲಿ ಇರುವವರ ಪಾಲು ಜಾಸ್ತಿ ಇರುವ ಕೌಂಟಿಗಳಿಗೆ ಒಂದು ನಕ್ಷತ್ರ ಚಿಹ್ನೆ ಹಾಕಿದರು.

ಶೇಕಡಾ ನೋಡಬೇಕೋ, ತಲೆ ಎಣಿಸಬೇಕೋ

ತಂಡದೊಳಗಿನ ದೊಡ್ಡ ಜಗಳ ಇದು, ಸ್ವಲ್ಪ ಖಾರವೇ ಆಯಿತು. ನಕ್ಷೆಯಲ್ಲಿ ಹ್ಯಾನ್ಕಾಕ್ ಕೌಂಟಿ ಗಾಢ ಬಣ್ಣ, ನೂರಕ್ಕೆ ಸುಮಾರು 70 ಕಪ್ಪು ಜನ. ಇಡೀ ಕೌಂಟಿಯೇ ಒಂಬತ್ತು ಸಾವಿರ ಮುಟ್ಟುವುದಿಲ್ಲ. 7.64 ಲಕ್ಷ ಜನರ ಡಿಕಾಲ್ಬ್‌ನಲ್ಲಿ ಅರ್ಧದಷ್ಟು ಕಪ್ಪು ಜನ, ನಕ್ಷೆಯಲ್ಲಿ ತಿಳಿ ಬಣ್ಣ. ವಿದ್ಯಾರ್ಥಿಯ ಲೆಕ್ಕ ಸರಳ. ಒಂದು ಗಂಟೆಯ ಕೆಲಸಕ್ಕೆ ಜಾಸ್ತಿ ಜನ ಸಿಗುವುದು ಡಿಕಾಲ್ಬ್‌ನಲ್ಲಿ, ಹಳ್ಳಿ ಕೌಂಟಿ ಬಿಟ್ಟುಬಿಡೋಣ.

ಶಿಕ್ಷಕಿ ಒಪ್ಪಲಿಲ್ಲ. ಅವರು 2018ರ ರ‍್ಯಾಂಡಾಲ್ಫ್ ಕೌಂಟಿಯ ಸಂಗತಿ ತೆಗೆದರು. ಕಪ್ಪು ಜನ ಹೆಚ್ಚಿರುವ ಆ ಸಣ್ಣ ಕೌಂಟಿಯಲ್ಲಿ 9 ಮತಗಟ್ಟೆಗಳ ಪೈಕಿ 7ನ್ನು ಮುಚ್ಚುವ ಪ್ರಸ್ತಾವ ಬಂದಿತ್ತು, ಜನ ಗಲಾಟೆ ಮಾಡಿದ ಮೇಲೆ ಆಗಸ್ಟ್‌ನಲ್ಲಿ ಕೈಬಿಟ್ಟರು. ಡಿಕಾಲ್ಬ್‌ಗೆ ಹತ್ತು ಸಂಘಟನೆ ಹೋಗುತ್ತವೆ, ಇಂಥ ಕಡೆಗೆ ಯಾರೂ ಬರುವುದಿಲ್ಲ ಅನ್ನುವುದು ಅವರ ವಾದ. ನನಗೆ ಇಬ್ಬರ ಮಾತೂ ಸರಿ ಅನಿಸಿತು, ಅಂಕಿಗಳಿಂದ ತೀರುವ ಜಗಳ ಇದಲ್ಲ. ಸಂಚಾಲಕಿ ಒಂದೇ ಸಾಲಿನ ರ‍್ಯಾಂಕ್ ಪಟ್ಟಿಯನ್ನೇ ಕೈಬಿಟ್ಟು ಎರಡು ಪಟ್ಟಿ ಮಾಡಿಸಿದರು. ತಲೆ ಎಣಿಕೆಯದ್ದು ಒಂದು, ಬೇರೆ ಯಾರೂ ಹೋಗದ ಕೌಂಟಿಗಳದ್ದು ಇನ್ನೊಂದು. ಎರಡನೆಯದನ್ನು ಶಿಕ್ಷಕಿ ತಮ್ಮ ನೆನಪು, ಸಂಬಂಧಿಕರ ಫೋನು, ಚರ್ಚಿನ ಪರಿಚಯಗಳಿಂದ ತುಂಬಿದರು.

ಏನಾಯಿತು

ಫೋರ್ಸೈತ್ ಬಿಡಲಿಲ್ಲ, ಅಲ್ಲಿನ ಕೆಲಸ ಬದಲಾಯಿತು. ಹಬ್ಬದ ಬಾಗಿಲಲ್ಲಿ ಎಲ್ಲರಿಗೂ ಅರ್ಜಿ ಹಂಚುವುದು ನಿಂತಿತು. ಪೌರತ್ವದ ಪ್ರಮಾಣವಚನ ಮುಗಿಸಿ ಬಂದವರನ್ನು ಹುಡುಕುವುದು ಶುರುವಾಯಿತು. ಇನ್ನೊಂದು, ಪಟ್ಟಿಯಲ್ಲಿ ಕಾಣದೇ ಇದ್ದ ಗುಂಪು. ಜಾರ್ಜಿಯಾದಲ್ಲಿ ಹದಿನೇಳೂವರೆ ವರ್ಷಕ್ಕೇ ಹೆಸರು ನೋಂದಾಯಿಸಬಹುದು, ಮತ ಹಾಕಲು 18 ಆಗಿರಬೇಕು. ಅಪ್ಪ ಅಮ್ಮ ವೀಸಾದ ಮೇಲಿದ್ದರೂ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಪ್ರಜೆಗಳು. ಹೈಸ್ಕೂಲಿನ ಈ ಮಕ್ಕಳು 2020ರ ಗಣತಿಯಲ್ಲಿ ವಯಸ್ಕರೇ ಅಲ್ಲ, ಆದರೆ 2024ರ ಮತದಾರರು. ಒಂದೇ ಮನೆಯಲ್ಲಿ ಪಟ್ಟಿ ಎಣಿಸಿದ ಇಬ್ಬರಿಗೆ ಓಟಿಲ್ಲ, ಎಣಿಸದ ಒಬ್ಬರಿಗೆ ಇದೆ.

ಕನ್ನಡದ ಕರಪತ್ರ ಬೇಕಾ ಅನ್ನುವ ಪ್ರಶ್ನೆಯೂ ತಾನಾಗಿ ಮುಗಿಯಿತು. ಪ್ರಜೆಗಳಾಗಿರುವ ಕನ್ನಡಿಗರಿಗೆ ಅರ್ಜಿ ಓದುವಷ್ಟು ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಭಾಷೆಯ ನೆರವು ಬೇಕಿರುವ ಕಡೆ ಬೇರೆ. ಗ್ವಿನೆಟ್ ಕೌಂಟಿಯಲ್ಲಿ 2016ರ ಡಿಸೆಂಬರ್‌ನಿಂದ ಸ್ಪ್ಯಾನಿಷ್ ಮತಪತ್ರ ಕಾನೂನಿನಂತೆಯೇ ಕಡ್ಡಾಯ, ಅದನ್ನು ನಿರ್ಧರಿಸಿದ್ದು ಕೂಡ ಮತದಾನ ವಯಸ್ಸಿನ ಪ್ರಜೆಗಳಲ್ಲಿ ಇಂಗ್ಲಿಷ್ ಸರಿಯಾಗಿ ಬಾರದವರ ಲೆಕ್ಕ ಹಿಡಿದು. ತಂಡದ ಸ್ಪ್ಯಾನಿಷ್ ಬಲ್ಲವರು ಅಲ್ಲಿಗೆ ಹೋದರು.

ಎಷ್ಟು ಹೆಸರು ಸೇರಿತು ಅಂತ ಇಲ್ಲಿ ಬರೆಯುತ್ತಿಲ್ಲ, ಅದು ತಂಡದ ಗುರುತು ಕೊಡುತ್ತದೆ. ಇಷ್ಟು ಹೇಳಬಹುದು: ಮೇಜಿಗೆ ಬಂದು ‘ನಾನು ಪ್ರಜೆ ಅಲ್ಲ’ ಅಂತ ವಾಪಸ್ ಹೋಗುವವರು ಬಹಳ ಕಮ್ಮಿಯಾದರು. ಮೇಜಿನಲ್ಲಿ ಕೂರುವವರಿಗೆ ಈಗ ಮೊದಲ ಮಾತೇ ಪೌರತ್ವದ ಪ್ರಶ್ನೆ, ಆಮೇಲೆ ಪೆನ್ನು. ಅನುಮಾನ ಬಂದರೆ ಅರ್ಜಿ ಕೊಡುವುದೇ ಇಲ್ಲ.

ಪಟ್ಟಿಯೂ ಉಳಿದಿದೆ, ಬೇರೆ ರೂಪದಲ್ಲಿ. ಪ್ರತಿ ಕೌಂಟಿಗೂ ಈಗ ಮೂರು ಕಾಲಂ: ಎಲ್ಲ ವಯಸ್ಕರು, ಪ್ರಜೆಗಳಾದ ವಯಸ್ಕರು, ನೋಂದಾಯಿತರು. ಏರುಪೇರಿನ ಕಾಲಂ ಅಳಿಸುವಂತಿಲ್ಲ. ಮೂಲ ಯಾವುದು, ಯಾವ ವರ್ಷದ್ದು ಅಂತ ಪ್ರತಿ ಕಾಲಂ ತಲೆಯ ಮೇಲೇ ಬರೆದಿದ್ದಾರೆ. ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕಪ್ಪು ಅಂತಲೂ ಏಷ್ಯನ್ ಅಂತಲೂ ಬರೆಸಿದವರು ಎರಡೂ ಕಡೆ ಇರಬೇಕು ಅಂತ ಶಿಕ್ಷಕಿ, ಒಂದೇ ಕಡೆ ಇರಬೇಕು ಅಂತ ವಿದ್ಯಾರ್ಥಿ. ಸದ್ಯಕ್ಕೆ ಎರಡೂ ಕಡೆ ಇಟ್ಟು, ಕೆಳಗಿನ ಮೊತ್ತದ ಸಾಲನ್ನು ತೆಗೆದುಹಾಕಿದ್ದಾರೆ.